ತಾತನ ಅಳತೆಯ ಸ್ವೆಟರ್

ನನ್ನ ಸೋದರಮಾವ ಗಡಿಯಾರ ರಿಪೇರಿ ಮಾಡುತ್ತಿದ್ದ. ಊರಿನ ಗಡಿಯಾರಗಳನ್ನೆಲ್ಲ ಸರಿದಾರಿಗೆ ತಂದು ತಾನು ಮಾತ್ರ ಊಟಕ್ಕೂ ತಡವಾಗಿ ಬರುತ್ತಿದ್ದನಂತೆ. ಆಳು ಗಿಡ್ಡ. ಯುದ್ಧಕ್ಕೆ ಸೇರಿದಾಗ ಬಾಂಬು ಹಾಕುವ ವಿಮಾನದ ಬಾಲದ ಪುಟ್ಟ ಗೂಡಿನಲ್ಲಿ ಬಂದೂಕು ಹಿಡಿದು ಕೂರುವ ಕೆಲಸ ಕೊಟ್ಟರು. ಆ ಗೂಡಿನಲ್ಲಿ ಹಿಡಿಸುವವನು ಅವನೊಬ್ಬನೇ. ಮಿಕ್ಕವರು ಹೋಗುವ ಕಡೆ ನೋಡಿದರೆ ಇವನು ಬಂದ ದಾರಿ ನೋಡಬೇಕು. ತಾತ ಮಾತ್ರ ಸಾಯುವವರೆಗೂ ಮಗನೇ ವಿಮಾನ ಓಡಿಸುತ್ತಿದ್ದ ಎಂದು ಹೇಳಿಕೊಂಡು ತಿರುಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು.

ನನ್ನ ಅಮ್ಮ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಮೇಲೆ ವಿಪರೀತ ಚಳಿ ಎಂದು ಅವನು ಬರೆದದ್ದೇ ತಡ, ಎರಡೆಳೆ ಉಣ್ಣೆ ಹಿಡಿದು ಸ್ವೆಟರ್ ಹೆಣೆಯಲು ಕೂತಳು. ಅಳತೆಗೆ ತಮ್ಮ ಇರಲಿಲ್ಲ, ತಾತನ ಕೋಟು ಇತ್ತು. ಸೈನ್ಯದ ಊಟ ತಿಂದು ಅವನೂ ಮೈ ತುಂಬಿಕೊಂಡಿರುತ್ತಾನೆ ಎಂದು ಅದನ್ನೇ ಅಳತೆಗೆ ಇಟ್ಟುಕೊಂಡಳು. ತಾತನಿಗಿಂತ ಮೊದಲು ಅವರ ಹೊಟ್ಟೆ ಬಾಗಿಲು ದಾಟುತ್ತಿತ್ತು ಎಂಬುದನ್ನು ಯೋಚಿಸಲಿಲ್ಲ.

ಮಾವನ ಉತ್ತರ ಬಂತು. “ಅಕ್ಕಾ, ನಿನ್ನ ಸ್ವೆಟರಿನಲ್ಲಿ ಇನ್ನೊಬ್ಬರಿಗೂ ಜಾಗ ಇದೆ. ಇದನ್ನ ಹಾಕ್ಕೊಂಡು ಕೂತರೆ ಗೂಡಲ್ಲಿ ಪ್ಯಾರಾಚೂಟಿಗೇ ಜಾಗ ಇಲ್ಲ.” ಅಮ್ಮ ನಕ್ಕು ಅದನ್ನು ಅಕ್ಕಪಕ್ಕದವರಿಗೆಲ್ಲ ಓದಿ ಹೇಳಿದಳಂತೆ.

ಏಳು ವಾರದ ಮೇಲೆ ವಿಮಾನಕ್ಕೆ ಬೆಂಕಿ ಬಿತ್ತು. ಕೆಲವರು ಹಾರಿ ಬದುಕಿದರು. ಮಾವ ಹಾರಲಿಲ್ಲ. ಸೈನ್ಯದ ಕಚೇರಿಯಿಂದ ಬಂದ ಕಾಗದದಲ್ಲಿ ಇದ್ದದ್ದು ಅಷ್ಟೇ. ಮಿಕ್ಕದ್ದನ್ನು ಅಮ್ಮ ತಾನೇ ಲೆಕ್ಕ ಹಾಕಿಕೊಂಡಳು. ಆಮೇಲೆ ಅವಳು ಹೆಣಿಗೆ ಕಡ್ಡಿ ಮುಟ್ಟಲಿಲ್ಲ. ಶಾಲೆಗೆ ಸ್ವೆಟರ್ ಬೇಕು ಎಂದು ನಾನು ಹಠ ಹಿಡಿದಾಗ, ಅಂಗಡಿಯಿಂದ ತಂದುಕೋ, ನನ್ನ ಸ್ವೆಟರ್ ಒಬ್ಬನನ್ನು ಕೊಂದದ್ದು ಸಾಕು ಎಂದಳು. ಮಕ್ಕಳಿಗೆ ಹೇಳುವ ಮಾತೇ ಅದು! ನಾನು ಅಂಗಡಿಯದನ್ನೇ ಹಾಕಿಕೊಂಡೆ.

ಇಪ್ಪತ್ತೆರಡು ವರ್ಷ ಕಳೆದ ಮೇಲೆ ಅದೇ ವಿಮಾನದಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವರು ವಿಳಾಸ ಹುಡುಕಿಕೊಂಡು ಬಂದರು. ಭಾರಿ ಆಳು, ನಮ್ಮ ಕುರ್ಚಿ ಕಿರುಗುಟ್ಟಿತು. ಇಷ್ಟು ವರ್ಷ ಬರಲು ಮುಖವಿರಲಿಲ್ಲ ಎಂದು ಶುರುಮಾಡಿದರು. ಅದು ಮುಗಿಯುವವರೆಗೆ ಅಮ್ಮ ಕಾಯಲಿಲ್ಲ.

“ಪ್ಯಾರಾಚೂಟ್ ಅವನ ಹತ್ರ ಇರ್ಲಿಲ್ಲ, ಅಲ್ವಾ?”

“ಆ ಗೂಡಲ್ಲಿ ಕೂರೋ ಯಾರ ಹತ್ರಾನೂ ಇರ್ತಿರ್ಲಿಲ್ಲ ಅಕ್ಕಾ. ಜಾಗ ಸಣ್ಣದು ಅಂತ ಬಾಗಿಲ ಹೊರಗೇ ನೇತುಹಾಕ್ತಿದ್ರು. ಬೆಂಕಿ ಮೊದಲು ಹತ್ತಿದ್ದೇ ಅಲ್ಲಿ.”

“ಸ್ವೆಟರ್ ದಪ್ಪ ಇತ್ತು. ಎದ್ದು ಬರೋಕೂ ಆಗಿರ್ಲಿಕ್ಕಿಲ್ಲ.”

ಅವರು ಲೋಟ ಕೆಳಗಿಟ್ಟರು. “ಸ್ವೆಟರ್ ಅವನ ಮೈಮೇಲೆ ಇರ್ಲೇ ಇಲ್ಲ. ಅವತ್ತು ನನಗೆ ಜ್ವರ. ನಿನ್ನ ಮೈಗೇ ಇದು ಸರಿ ಅಂತ ಬಿಚ್ಚಿ ಕೊಟ್ಟ. ನಾನು ಅದನ್ನ ಹಾಕ್ಕೊಂಡೇ ಹಾರಿದ್ದು.”

ಸದ್ಯ, ಅಮ್ಮನ ಎದೆಯ ಭಾರ ಇಳಿಯಿತು ಎಂದುಕೊಂಡೆ. ಇಷ್ಟು ವರ್ಷ ಸುಮ್ಮನಿದ್ದ ಆ ಮನುಷ್ಯನ ಮೇಲೆ ನನಗೆ ಸಿಟ್ಟೂ ಬಂದಿತ್ತು. ಅಮ್ಮ ಅವರ ಅಗಲವಾದ ಭುಜಗಳನ್ನೇ ನೋಡಿದಳು.

“ಹಾಗಾದ್ರೆ ಅವನಿಗೆ ಚಳಿ ಆಗಿತ್ತು,” ಎಂದು ಅಳಲು ಶುರುಮಾಡಿದಳು.