ವೆಂಕಟರವಣಪ್ಪನವರ ಹದಿನಾರರ ಲೆಕ್ಕ

ಚಿಂತಾಮಣಿಯ ಕ್ಲಾರಿನೆಟ್ ವೆಂಕಟರವಣಪ್ಪನವರು ಮದುವೆಮನೆಗೆ ಬಂದರೆ ಮೊದಲು ಕಾಫಿ ಕೇಳುವುದಿಲ್ಲ, ಹಿರಿಯರ ವಯಸ್ಸು ಕೇಳುತ್ತಾರೆ. ಅವರಿಗೆ ಹದಿನಾರು ತುಂಬಿದ ಕಾಲ ಯಾವುದೆಂದು ಮನಸ್ಸಿನಲ್ಲೇ ಕಳೆದು ನೋಡಿ, ಆ ಕಾಲದ ಸಿನಿಮಾ ಹಾಡು ಹಿಡಿಯುತ್ತಾರೆ. ಮೊಣಕಾಲು ನೋವೆಂದು ಕುರ್ಚಿಗೆ ಅಂಟಿಕೊಂಡವರು ಎದ್ದು ಬರುವುದನ್ನು ನಾನೇ ಕಂಡಿದ್ದೇನೆ. ವಾದ್ಯಕ್ಕೂ ವೈದ್ಯಕ್ಕೂ ಒಂದೇ ಒಂದು ಸ್ವರದ ವ್ಯತ್ಯಾಸ.

“ಹದಿನಾರ್ರಲ್ಲಿ ಕೇಳಿದ್ದೇ ಹಾಡು ಸ್ವಾಮಿ. ಅದಕ್ಕೆ ಮುಂಚಿಂದು ಅಪ್ಪ ಅಮ್ಮಂದು, ಆಮೇಲಿಂದು ಬರೀ ಗಲಾಟೆ” ಎನ್ನುತ್ತಾರೆ ಅವರು.

ನಲವತ್ತು ವರ್ಷದಲ್ಲಿ ಈ ಲೆಕ್ಕ ಕೈಕೊಟ್ಟಿದ್ದು ಒಂದೇ ಸಲ, ಗೌರಿಬಿದನೂರಿನಲ್ಲಿ.

ಮದುಮಗಳು ಜ್ಯೋತಿಲಕ್ಷ್ಮಿ. ಅವಳನ್ನು ಸಾಕಿ ಬೆಳೆಸಿದವರು ಅಜ್ಜಿ ಆಂಜಿನಮ್ಮ. ಹಿಂದಿನ ಸಂಜೆ ಆರತಕ್ಷತೆಯಲ್ಲಿ ಅಜ್ಜಿಯನ್ನು ಡಿಜೆ ಸ್ಪೀಕರಿನ ಪಕ್ಕದಲ್ಲೇ ಕೂರಿಸಿದ್ದರು. “ಸ್ವಲ್ಪ ಕಮ್ಮಿ ಮಾಡ್ರಪ್ಪ” ಎಂದದ್ದಕ್ಕೆ ಯಾರೋ “ನಿಮಗೆ ವಯಸ್ಸಾಯ್ತು ಬಿಡಿ” ಎಂದುಬಿಟ್ಟರು. ಬೆಳಿಗ್ಗೆ ಅಜ್ಜಿ ಮನೆಯ ಜಗಲಿ ಬಿಟ್ಟು ಏಳಲಿಲ್ಲ. ಛತ್ರ ಎರಡೇ ಬೀದಿ ಆಚೆ. ಮುಹೂರ್ತಕ್ಕೆ ಮುಕ್ಕಾಲು ಗಂಟೆ.

“ಅಂಕಲ್, ಅಜ್ಜಿ ಬರ್ದೆ ನಾನು ಮಣೆ ಮೇಲೆ ಕೂರಲ್ಲ. ಏನಾದ್ರೂ ಮಾಡಿ” ಎಂದು ಛತ್ರದಲ್ಲಿ ಮದುಮಗಳು ವೆಂಕಟರವಣಪ್ಪನವರನ್ನು ಹಿಡಿದಳು. ಕಾಡಿಗೆ ಕೆನ್ನೆಗಿಳಿದಿತ್ತು.

“ಅಜ್ಜಿ ಆಧಾರ್ ಕಾರ್ಡು ಫೋನ್‌ನಾಗೆ ಐತೇನಮ್ಮ?”

ಕಾರ್ಡಿನ ಪ್ರಕಾರ ಎಪ್ಪತ್ತೆಂಟು. ವೆಂಕಟರವಣಪ್ಪನವರು ಬ್ಯಾಂಡ್‌ಸೆಟ್ಟಿನ ಸಮೇತ ಜಗಲಿಯ ಮುಂದೆ ನಿಂತು ಅರವತ್ತೆರಡು ವರ್ಷ ಹಿಂದಿನದೊಂದು ಹಾಡು ಎಳೆದರು. ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕೂತೇ ಇದ್ದರು. ಇನ್ನೊಂದು ಹಾಡು. ಅದಕ್ಕೂ ಸುಣ್ಣವೇ.

“ಏನಯ್ಯಾ, ಬರೀ ನಮ್ಮಕ್ಕನ ಕಾಲದ್ದೇ ಊದ್ತೀಯ? ನಾನೇನ್ ಅಷ್ಟು ಮುದುಕೀನಾ?”

“ಕಾರ್ಡ್‌ನಾಗೆ ಎಪ್ಪತ್ತೆಂಟು ಅಂತ ಐತಲ್ಲಮ್ಮ?”

“ಅಯ್ಯೋ, ಪಿಂಚಣಿ ಬೇಗ ಬರ್ಲಿ ಅಂತ ನಮ್ಮೆಜಮಾನ್ರು ಎಂಟು ವರ್ಷ ಸೇರ್ಸಿ ಬರ್ಸಿದ್ದು ಕಣಪ್ಪ!”

ಕ್ಲಾರಿನೆಟ್ಟು ಅಲ್ಲೇ ಎಂಟು ವರ್ಷ ಮುಂದಕ್ಕೆ ಹಾರಿತು. ಎರಡು ಸಾಲು ಮುಗಿಯುವಷ್ಟರಲ್ಲಿ ಸುಣ್ಣದ ಬೆರಳು ಗಾಳಿಯಲ್ಲೇ ನಿಂತಿತು.

“ಹುಲ್ಲು ಕೊಯ್ಯಕ್ಕೆ ಅಂತ ಸುಳ್ಳು ಹೇಳಿ ನಾಲ್ಕು ಜನ ಹುಡುಗೀರು ಟೆಂಟ್‌ಗೆ ಹೋಗಿದ್ವಿ, ಇದೇ ಸಿನಿಮಾಗೆ” ಎಂದು ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದು ಛತ್ರದ ಕಡೆ ಹೆಜ್ಜೆ ಹಾಕಿದರು.

ಡೋಲಿನವರು ಕೈಗಡಿಯಾರ ನೋಡಿ ತಾಳ ಜೋರು ಮಾಡಿದರು.

“ಓಡಿಸ್ಬೇಡ್ರಯ್ಯಾ! ಹಾಡಲ್ಲಿ ಈ ಜಾಗಕ್ಕೆ ಹೀರೋಯಿನ್ನು ನಿಂತು ಒಂದ್ಸಲ ತಿರುಗಿ ನೋಡ್ತಾಳೆ” ಎಂದರು ಅಜ್ಜಿ.

ವೆಂಕಟರವಣಪ್ಪನವರು ನಿಂತರು. ಬೀದಿಯ ನಡುವೆ ಇಡೀ ಬ್ಯಾಂಡ್‌ಸೆಟ್ಟೂ ನಿಂತಿತು. ಸಿನಿಮಾದಲ್ಲಿ ಅವಳು ತಿರುಗಿ ನೋಡಿ ಮುಗಿಸುವ ತನಕ ಕಾದು, ಅವರು ಮತ್ತೆ ಅಜ್ಜಿಯ ಹೆಜ್ಜೆಗೆ ಸರಿಯಾಗಿ ಊದತೊಡಗಿದರು.

ಛತ್ರದಲ್ಲಿ ಪುರೋಹಿತರು ಗದರುತ್ತಿದ್ದರು. ನಂಟರೆಲ್ಲ ಸಮಾಧಾನ ಮಾಡುತ್ತಿದ್ದರೂ ಜ್ಯೋತಿಲಕ್ಷ್ಮಿ ಮಣೆಯ ಪಕ್ಕದಲ್ಲಿ ನಿಂತೇ ಇದ್ದಳು. ಬೀದಿಯ ಕೊನೆಯಿಂದ ಕ್ಲಾರಿನೆಟ್ ಕೇಳಿಸಿತು. ಯಾವ ಮದುವೆಯ ಮೆರವಣಿಗೆಯೂ ಅಷ್ಟು ನಿಧಾನವಾಗಿ ಬರುವುದಿಲ್ಲ. ಅಜ್ಜಿ ಇನ್ನೂ ಕಾಣಿಸುವ ಮೊದಲೇ ಅವಳು ಸೀರೆ ಸರಿಮಾಡಿಕೊಂಡು ಮಣೆಯ ಮೇಲೆ ಕೂತಳು.