ಬಾಯಲ್ಲಿ ಆಡದ ಪಾಸ್‌ವರ್ಡ್

ಆಗ ನನಗೆ ಅರವತ್ತೊಂದು ವರ್ಷ. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ದೇವದುರ್ಗದಲ್ಲಿ ಹತ್ತಿ ಬಿಡಿಸುವ ಹೆಂಗಸರಿಗೆ ನಾನು ಮೇಸ್ತ್ರಿ. ಯಾವ ಹೊಲಕ್ಕೆ ಯಾರು, ಎಷ್ಟು ಹೊತ್ತಿಗೆ ಎಂದು ಹೇಳಿ ಕಳಿಸುವುದು ನನ್ನ ಕೆಲಸ. ಮಾನ್ವಿಯ ಗುಂಪಿಗೂ ನಾನೇ ಹೇಳುತ್ತಿದ್ದೆ. ಅಕ್ಷರ ಕೂಡಿಸಿ ಓದುತ್ತೇನೆ, ಮೊಬೈಲಿನಲ್ಲಿ ಒತ್ತಿ ಬರೆಯುತ್ತೇನೆ. ಅದಕ್ಕಿಂತ ಹೆಚ್ಚು ಬರುವುದಿಲ್ಲ.

ಮೊದಲು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ಕಂಡ ಗಂಡಸರು ನಮ್ಮ ಹೆಣ್ಣುಮಕ್ಕಳಿಗೆ ಫೋನ್ ಹಚ್ಚತೊಡಗಿದರು. ಅದಕ್ಕೇ ನಮ್ಮ ಕೂಲಿ ಸಂಘದವರು ಸ್ವಂತ ಚಾಟ್ ನೆಟ್‌ವರ್ಕ್ ಮಾಡಿದರು. ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಒಂದೊಂದು ಹಳೆಯ ಕಂಪ್ಯೂಟರು. ಅದಕ್ಕೆ ಸರ್ವರ್ ಎನ್ನುತ್ತಾರೆ. ಒಂದರಲ್ಲಿ ಬರೆದದ್ದು ಮೂರರಲ್ಲೂ ಕಾಣುತ್ತದೆ. ನಂಬರು ಕಾಣುವುದಿಲ್ಲ, ಹೆಸರು ಮಾತ್ರ.

ಕೊರತೆ ಅಲ್ಲೇ ಇತ್ತು. ಯಾರ ಹೆಸರನ್ನು ಬೇಕಾದರೂ ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು. ಒಂದು ಮುಂಜಾನೆ ಯಾವನೋ ನನ್ನ ಹೆಸರು ಹಾಕಿಕೊಂಡು, ಇವತ್ತು ಕಲ್ಲೂರಿನ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಇಲ್ಲ ಎಂದು ಬರೆದ. ಮಾನ್ವಿಯ ಹೆಂಗಸರು ಮನೆಯಲ್ಲೇ ಕುಳಿತರು. ಹೊಲದ ಗೌಡರು ಫೋನ್ ಮಾಡಿದರು.

“ಇನ್ನೊಂದ್ಸಲ ಹಿಂಗಾದ್ರ ಬ್ಯಾರೆ ಗುಂಪಿಗೆ ಹೇಳ್ತೀನಿ ನೋಡವ್ವ. ಹತ್ತಿ ಗಿಡದಾಗ ಉದುರಾಕತ್ತದ.”

ಆ ಹೊಲ ಕೈತಪ್ಪಿದರೆ ಮಾನ್ವಿಯವರಿಗೆ ಆ ಸುಗ್ಗಿಯಲ್ಲಿ ಬೇರೆ ಕೆಲಸವಿರಲಿಲ್ಲ.

ಸಂಘದ ಕಂಪ್ಯೂಟರು ನೋಡಿಕೊಳ್ಳುವವಳು ಸುಜಾತಾ. ಮಾನ್ವಿ ಕಡೆಯ ಕೂಲಿ ಮನೆತನದವಳು, ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. “ಹೆಸರು ಕಾಯಾಕ ಸರ್ವಿಸಸ್ ಹಾಕ್ತೀನಿ. ನೀನೂ ಬಾ ಯವ್ವಾ,” ಎಂದಳು. ಬಸ್ ಹಿಡಿದು ರಾಯಚೂರಿಗೆ ಹೋದೆ.

ಸರ್ವಿಸಸ್ ಎಂದರೆ ಸರ್ವರಿಗೆ ಜೋಡಿಸುವ ಇನ್ನೊಂದು ಸಾಫ್ಟ್‌ವೇರ್. ನಮ್ಮ ಹೆಸರನ್ನು ಅದರಲ್ಲಿ ನೋಂದಾಯಿಸಿ ಪಾಸ್‌ವರ್ಡ್ ಇಡಬೇಕು. ಪಾಸ್‌ವರ್ಡ್ ಕೊಡದವರನ್ನು ಅದು ಆ ಹೆಸರಿನಿಂದ ಇಳಿಸಿಬಿಡುತ್ತದೆ. ನಾನು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಇನ್‌ಸ್ಟಾಲ್ ಬೇಗ ಮುಗಿಯಿತು, ಸರ್ವರಿಗೆ ಕೂಡುವುದೇ ಆಗಲೊಲ್ಲದು. ಸರ್ವರ್ ಒಂದು ಗುಟ್ಟಿನ ಮಾತು ಕೇಳುತ್ತದಂತೆ. ಎರಡರ ಸೆಟಿಂಗಿನಲ್ಲೂ ಅದೇ ಮಾತು ಬರೆದಿರಬೇಕಂತೆ.

“ಮಷೀನು ಮಷೀನನ್ನೂ ನಂಬಂಗಿಲ್ಲೇನು?” ಎಂದು ಕೇಳಿದೆ.

“ನಂಬಿದ್ರ, ನಿನ್ನ ಹೆಸರು ಕದ್ದಾವ ನಾಳೆ ಸರ್ವರನ್ನೂ ಕದೀತಾನ.”

ಆ ಮಾತು ನನಗೆ ಹಿಡಿಸಿತು. ಒಂದು ಕಡೆ ಒಂದಕ್ಷರ ಹೆಚ್ಚಾಗಿತ್ತು. ಅಳಿಸಿ ಮತ್ತೆ ಚಾಲೂ ಮಾಡಿದಳು. ಸರ್ವಿಸಸ್ ಕೂಡಿತು. ದೇವದುರ್ಗ, ಮಾನ್ವಿಯ ಕಂಪ್ಯೂಟರುಗಳಲ್ಲೂ ಅದರ ಹೆಸರು ಬಂತೆಂದು ಅಲ್ಲಿಯವರು ಬರೆದರು.

ಸುಜಾತಾ ಎಲ್ಲರಿಗೂ ತಿಳಿಸಿದಳು: “ಪಾಸ್‌ವರ್ಡ್ ಇಡ್ರಿ. ಬಾಯಾಗ ಎಂದೂ ಆಡದ ಮಾತು ಇಡ್ರಿ.”

ಎಲ್ಲರೂ ಇಟ್ಟೆವು. ನಾನು ಚಾಟ್ ಮುಚ್ಚಿ ರೊಟ್ಟಿ ಗಂಟು ಬಿಚ್ಚಿದೆ. ತುಸು ಹೊತ್ತಿಗೆ ಸುಜಾತಾ ಚೀರಿದಳು.

“ಯವ್ವಾ, ನೀನು ಇಲ್ಲಿ ರೊಟ್ಟಿ ತಿನ್ನಾಕತ್ತಿ, ಅಲ್ಲಿ ನೀನೇ ಬರಿಯಾಕತ್ತಿ!”

ಪರದೆಯ ಮೇಲೆ ನನ್ನ ಹೆಸರಿನಲ್ಲಿ ಹೀಗಿತ್ತು: “ನಾನು ಮುದುಕಿ ಮೇಸ್ತ್ರಿ. ನಾಳೆ ಎಲ್ಲಾರಿಗೂ ಹೋಳಿಗಿ ಹಾಕ್ತೀನಿ.”

ಇಂಥ ಚೇಷ್ಟೆ ಮಾಡುವವಳು ನಮ್ಮಲ್ಲಿ ಒಬ್ಬಳೇ. ಮಾನ್ವಿ ಗುಂಪಿನ ಹುಲಿಗೆಮ್ಮ. ಫೋನ್ ಹಚ್ಚಿದೆ.

“ನನ್ನ ಹೆಸರಿನ್ಯಾಗ ಹೆಂಗ ಹೊಕ್ಕಿ ಬೇ?”

“ನಿನ್ನ ಗಂಡನ ಹೆಸರು ಒತ್ತಿದೆ, ಬಾಗಲಾ ತೆರೀತು. ನಾನೂ ನನ್ನ ಗಂಡಂದೇ ಇಟ್ಟೀನಿ. ನಾವು ಬಾಯಾಗ ಆಡದ ಮಾತು ಮತ್ತ ಯಾವುದದ ಹೇಳು?”

ಹೆಂಡತಿ ಗಂಡನ ಹೆಸರು ಹೇಳಬಾರದು ಎಂಬುದು ನಮ್ಮ ಕಡೆಯ ರೂಢಿ. ನನ್ನವನು ಸತ್ತು ಬಹಳ ವರ್ಷವಾಗಿತ್ತು, ಆದರೂ ನಾನು ಹೇಳಿದವಳಲ್ಲ. ಕೇಳಿ ನೋಡಿದರೆ ಹೆಚ್ಚಿನವರು ಅದನ್ನೇ ಇಟ್ಟಿದ್ದರು. ನಾವು ಹೇಳದಿದ್ದರೇನು, ಊರೆಲ್ಲ ಅವರನ್ನು ಅದೇ ಹೆಸರಿನಿಂದ ಕರೆಯುತ್ತದೆ. ಸುಜಾತಾ ತಲೆ ಹಿಡಿದುಕೊಂಡು ನಕ್ಕಳು. “ನಮ್ಮವ್ವನೂ ಅದನ್ನ ಇಟ್ಟಿರ್ತಾಳ ನೋಡು!”

ಎಲ್ಲರೂ ಹೊಸದು ಇಡಬೇಕಾಯಿತು. ಆಗ ನನಗೆ ಯೋಚನೆ ಹತ್ತಿತು. ನನಗೊಬ್ಬಳಿಗೇ ಗೊತ್ತಿರುವುದು ಏನಿದೆ? ಮಕ್ಕಳು, ಮನೆದೇವರು, ತವರೂರು, ಎಮ್ಮೆ ಎಲ್ಲವೂ ಓಣಿಗೆ ಗೊತ್ತು. ಅಷ್ಟು ವರ್ಷ ಬದುಕಿದ್ದರಲ್ಲಿ ಯಾರಿಗೂ ಹೇಳದ ಮಾತು ಒಂದಾದರೂ ಇದೆಯೇ ಎಂದು ಹುಡುಕುತ್ತ ಕುಳಿತೆ. ಒಂದು ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹುಲಿಗೆಮ್ಮ ಮತ್ತೆ ಮತ್ತೆ ಒತ್ತಿ ಸೋತಳು. “ಏನಿಟ್ಟಿ ಹೇಳು ಬೇ,” ಎಂದು ಗಂಟುಬಿದ್ದಳು.

“ನಿನ್ನ ಗಂಡನ್ನ ಕೇಳ್ಹೋಗು.”

ಸಂಜೆ ನಾನು, ನಾಳೆ ಕಲ್ಲೂರಿಗೆ ಎಲ್ಲರೂ ಬರ್ರಿ ಎಂದು ಬರೆದು ಚಾಟ್‌ನಿಂದ ಹೊರಗೆ ಬಂದೆ. ಆಮೇಲೆ ಅವತ್ತು ನನ್ನ ಹೆಸರು ಕದ್ದವನು ಬಂದ. ನನ್ನ ಹೆಸರು ಪರದೆಯ ಮೇಲೆ ಎದ್ದಿತು. ಸರ್ವಿಸಸ್ ಪಾಸ್‌ವರ್ಡ್ ಕೇಳಿತು. ಅದನ್ನು ಕೊಡುವ ತನಕ ಏನೂ ಬರೆಯಲಾಗದಂತೆ ಸುಜಾತಾ ಮಾಡಿದ್ದಳು. ಅವನು ಏನೇನೋ ಒತ್ತಿದ, ಯಾವುದೂ ನಡೆಯಲಿಲ್ಲ. ಸರ್ವಿಸಸ್ ನನ್ನ ಹೆಸರು ಕಿತ್ತುಕೊಂಡು ಅವನಿಗೆ ‘ಅತಿಥಿ’ ಎಂದು ಹೆಸರಿಟ್ಟಿತು.

ಹುಲಿಗೆಮ್ಮ ಕೂಡಲೇ ಬರೆದಳು: “ಬರ್ರಿ ಅತಿಥಿ, ಕುಂದರ್ರಿ, ಚಾ ಕುಡೀರಿ.”

ಅತಿಥಿ ಎದ್ದು ಹೋದ. ಯಾರೆಂದು ಇಂದಿಗೂ ಗೊತ್ತಿಲ್ಲ. ಊರಿಗೆಲ್ಲ ಗೊತ್ತಿದ್ದು ನಾವು ಬಾಯಲ್ಲಿ ಮಾತ್ರ ಆಡದ ಮಾತು ಗುಟ್ಟಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ಆ ರಾತ್ರಿ ರಾಯಚೂರಿನಲ್ಲಿ ತಂಗಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಮಾನ್ವಿ ಬಸ್ಸು ಹತ್ತಿ ಕಲ್ಲೂರಿನಲ್ಲಿ ಇಳಿದೆ. ಮಾನ್ವಿಯ ಹೆಂಗಸರೆಲ್ಲ ಬಂದಿದ್ದರು. ಗೌಡರ ಆಳು ಹಾಜರಿ ಬರೆಯುತ್ತಿದ್ದ. ನಮ್ಮ ಹೆಸರಿನ ಮುಂದೆ ಗಂಡನ ಹೆಸರು ಕೇಳುತ್ತಾನೆ, ಪಕ್ಕದವಳು ಹೇಳುತ್ತಾಳೆ, ಎಂದಿನಿಂದಲೂ ಹಾಗೆ. ನನ್ನ ಪಾಳಿ ಬಂದಾಗ ಹೇಳಲು ಹುಲಿಗೆಮ್ಮ ಬಾಯಿ ತೆರೆದಳು.

“ತಿಮ್ಮಪ್ಪ,” ಎಂದು ನಾನೇ ಹೇಳಿ, ಉಡಿ ಕಟ್ಟಿಕೊಂಡು ಹತ್ತಿ ಸಾಲಿಗೆ ಇಳಿದೆ.