ಕೊನೆಯ ಬೆಂಚಿಗೂ ಕೇಳಿಸಬೇಕು

ನನ್ನದು ಹುಟ್ಟಿನಿಂದಲೇ ದೊಡ್ಡ ಗಂಟಲು. ಸಿಟ್ಟು ಅದಕ್ಕಿಂತ ದೊಡ್ಡದು. ಮೊಬೈಲು ಇನ್ನೂ ಎಲ್ಲರ ಕೈಗೂ ಬಾರದ ಆ ವರ್ಷಗಳಲ್ಲಿ, ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರನ್ನು ಕೆಲಸಕ್ಕೆ ತಯಾರು ಮಾಡುವ ತರಗತಿಯನ್ನು ವಿಜಯನಗರದ ಒಂದು ಮಹಡಿ ಕೋಣೆಯಲ್ಲಿ ನಡೆಸುತ್ತಿದ್ದೆ.

ಅವರಲ್ಲಿ ಗದಗದ ಕಡೆಯವಳೊಬ್ಬಳಿದ್ದಳು. ರಾಜಾಜಿನಗರದ ನರ್ಸಿಂಗ್ ಹೋಮ್ ಒಂದರಲ್ಲಿ ರೋಗಿಗಳ ಟೋಕನ್ ಕರೆಯುವ ಕೆಲಸ ಖಾಲಿಯಿತ್ತು. ಅದು ಸಿಕ್ಕರೆ ತವರಿನಲ್ಲಿ ಬಿಟ್ಟು ಬಂದ ಮಗಳನ್ನು ಕರೆತರಬಹುದಿತ್ತು. ಆದರೆ ಆಕೆಯ ದನಿ ಎದುರಿಗೆ ಕೂತವರಿಗೂ ಕೇಳಿಸುತ್ತಿರಲಿಲ್ಲ. ಪಾತ್ರೆ ಸದ್ದಾದರೂ ಏಟು ಬೀಳುವ ಮನೆಯಲ್ಲಿ ಏಳು ವರ್ಷ ಬಾಳಿದ್ದವಳು.

ಕೋಣೆಯನ್ನೇ ಆಸ್ಪತ್ರೆ ಮಾಡಿದೆವು. ಉಳಿದವರು ರೋಗಿಗಳಾದರು. ಒಬ್ಬಳು ಸೀರೆಯೊಳಗೆ ದಿಂಬು ಕಟ್ಟಿಕೊಂಡು ತುಂಬು ಗರ್ಭಿಣಿಯಾದಳು. ಇನ್ನೊಬ್ಬಳು ಎಷ್ಟು ಚೆನ್ನಾಗಿ ಕೆಮ್ಮಿದಳೆಂದರೆ ಕೆಳಗಿನ ಮನೆಯವರು ಶುಂಠಿ ಕಷಾಯ ಕಳಿಸಿದರು. ನಾನು ಕೊನೆಯ ಬೆಂಚಿನಲ್ಲಿ ಕೂತು, ಕೇಳಿಸ್ತಿಲ್ಲ, ಜೋರಾಗಿ ಎಂದು ಅರಚುತ್ತಿದ್ದೆ. ಅರಚಿದಷ್ಟೂ ಆಕೆ ಕುಗ್ಗುತ್ತಿದ್ದಳು. ನನಗೆ ಇನ್ನಷ್ಟು ಸಿಟ್ಟು.

ನಾಲ್ಕನೇ ದಿನ ಆಕೆ ಟೋಕನ್ ಚೀಟಿಗಳನ್ನು ಮೇಜಿನ ಮೇಲಿಟ್ಟು ನನ್ನೆದುರು ಬಂದು ನಿಂತಳು.

"ನೀವು ಒದರೂದು ಬಿಡ್ರಿ ಮೇಡಮ್. ನೀವು ಒದರಿದ್ರ ನನ್ನ ದನಿ ಹೊರಗ ಬರಂಗಿಲ್ಲ."

ಅದು ಇಡೀ ಕೋಣೆಗೆ ಕೇಳಿಸಿತು. ಗರ್ಭಿಣಿ ಚಪ್ಪಾಳೆ ತಟ್ಟಿದಳು. ನನಗೆ ನಾಚಿಕೆಯಾಯಿತು. ಏಟು ತಿಂದು ಬಂದವಳ ಮೇಲೆ ನಾನೂ ಗಂಟಲು ಹರಿದುಕೊಳ್ಳುತ್ತಿದ್ದೆನಲ್ಲ. ಅಂದಿನಿಂದ ಸೆರಗಿನ ತುದಿ ಕಚ್ಚಿಕೊಂಡು ಕೂತೆ. ಆಕೆಯ ದನಿ ದಿನಕ್ಕೊಂದು ಬೆಂಚು ದಾಟಿತು.

ನರ್ಸಿಂಗ್ ಹೋಮಿನವರು ಒಂದು ದಿನ ಕೆಲಸ ಮಾಡಿ ತೋರಿಸಲು ಹೇಳಿದ್ದರು. ಜತೆಗೆ ನಾನೂ ಹೋಗಿ ಕೂತೆ. ಹತ್ತನೇ ಟೋಕನ್ ಕರೆದಾಗ ಡಾಕ್ಟರು ಹೊರಗೆ ಬಂದು, ಇಷ್ಟು ಜೋರು ಬೇಡ ಎಂದು ಗದರಿದರು. ಎಲ್ಲ ಕೆಟ್ಟಿತು ಅಂದುಕೊಂಡೆ. ಆಕೆ ತಲೆ ತಗ್ಗಿಸಲಿಲ್ಲ.

"ಕಡೀ ಬೆಂಚಿನ ಅಜ್ಜಾಗೂ ಕೇಳಸಬೇಕಲ್ರಿ ಸರ" ಎಂದು, ಹನ್ನೊಂದನೆಯದನ್ನೂ ಅದೇ ದನಿಯಲ್ಲಿ ಕರೆದಳು. ಕೊನೆಯ ಬೆಂಚಿನಿಂದ ಅಜ್ಜ ಕೋಲೂರಿಕೊಂಡು ಎದ್ದು ಬಂದರು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಾಳೆಯಿಂದ ಬನ್ನಿ ಎಂದರು.

ಜೂನ್‌ನಲ್ಲಿ ಮಗಳು ಬಂದಳು. ಒಂದು ಸಂಜೆ ನಾನು ಸುಂಕದಕಟ್ಟೆಯಲ್ಲಿ ಬಸ್ಸಿಳಿದು ಅವರ ಮನೆ ಹುಡುಕಿಕೊಂಡು ಹೊರಟೆ. ಯಾರನ್ನೂ ದಾರಿ ಕೇಳಬೇಕಾಗಲಿಲ್ಲ. ಆಡಲು ಹೋದ ಮಗಳನ್ನು ಊಟಕ್ಕೆ ಕೂಗುತ್ತಿದ್ದ ತಾಯಿಯ ದನಿ ಎರಡು ಬೀದಿ ಆಚೆಗೇ ಕೇಳಿಸಿತು.